ಕೊಡಗಿನ ಚಳಿಯಲ್ಲಿ ಎಲೆಕ್ಟ್ರಿಕ್ ಕಾರಿನ ಹೀಟರ್ ಎಷ್ಟು ಕರೆಂಟ್ ತಿನ್ನುತ್ತದೆ? ನಿಮ್ಮ ಕಾರಿನ ಲೆಕ್ಕ ನೀವೇ ಹಾಕಿ

ಡಿಸೆಂಬರ್ ಬಂತೆಂದರೆ ಮಡಿಕೇರಿ, ಸೋಮವಾರಪೇಟೆ ಕಡೆ ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದೇ ಮಾತು. ಹೀಟರ್ ಹಾಕಿದರೆ ರೇಂಜ್, ಅಂದರೆ ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ, ಅರ್ಧಕ್ಕೆ ಬಿದ್ದುಹೋಗುತ್ತದಂತೆ. ಇದಕ್ಕೆ ಹೆದರಿ ಜರ್ಕಿನ್ ಹಾಕಿ, ಮಫ್ಲರ್ ಸುತ್ತಿ, ಗಾಜಿಗೆ ಕಟ್ಟಿದ ಹಬೆಯನ್ನು ಕೈಯಲ್ಲಿ ಒರೆಸಿಕೊಂಡು ಓಡಿಸುವವರೂ ಇದ್ದಾರೆ. ಘಟ್ಟದ ತಿರುವಿನಲ್ಲಿ ಎದುರಿಗೆ ಬಸ್ಸು ಬರುವಾಗ ಒಂದು ಕೈ ಗಾಜಿನ ಮೇಲಿದ್ದರೆ ಏನು ಗತಿ?

ಹೆದರಿಕೆ ಪೂರ್ತಿ ಸುಳ್ಳಲ್ಲ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರುಗಳನ್ನು ಸುಮಾರು ಮೈನಸ್ 7 ಡಿಗ್ರಿಯಲ್ಲಿ ಪರೀಕ್ಷೆ ಮಾಡಿತ್ತು. ಹೀಟರ್ ಹಾಕಿ ಓಡಿಸಿದಾಗ ರೇಂಜ್ ಸರಾಸರಿ ಶೇ. 41 ಇಳಿಯಿತು. ಹೀಟರ್ ಇಲ್ಲದೆ ಓಡಿಸಿದಾಗ ಇಳಿದದ್ದು ಶೇ. 12 ಮಾತ್ರ. ಅಂದರೆ ದೊಡ್ಡ ಪಾಲು ತಿಂದದ್ದು ಹೀಟರೇ. ಆದರೆ ಅದು ಮೈನಸ್ 7ರ ಮಾತು. ಮಡಿಕೇರಿಯಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಸಾಮಾನ್ಯವಾಗಿ 10ರಿಂದ 14 ಡಿಗ್ರಿ ಇರುತ್ತದೆ. ಹತ್ತು ಗಂಟೆ ಹೊತ್ತಿಗೆ ಬಿಸಿಲು ಬಿದ್ದರೆ ಸ್ವೆಟರ್ ಕೂಡ ಬೇಡ. ಆ ಊರಿನ ಶೇ. 41 ತಂದು ನಮ್ಮ ಕಾರಿಗೆ ಹಚ್ಚಿದರೆ ಸುಮ್ನೆ ಗಾಬರಿ, ಅಷ್ಟೇ.

ನಮ್ಮಲ್ಲಿ ಹೀಟರ್‌ಗೆ ಚಳಿಗಿಂತ ದೊಡ್ಡ ಕೆಲಸ ಇನ್ನೊಂದಿದೆ, ಗಾಜು ಒಣಗಿಸುವುದು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಕಾರಿನ ಲೆಕ್ಕ ಹಾಕೋಣ.

ಯಾವ ಹೀಟರ್ ಇದೆ ಎಂದು ತಿಳಿದುಕೊಳ್ಳಿ

ಪೆಟ್ರೋಲ್ ಕಾರಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎಂಜಿನ್ ಸುಡುವ ಇಂಧನದಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಬಿಸಿಯಾಗಿಯೇ ಹೊರಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪವನ್ನು ಒಳಗೆ ತಿರುಗಿಸಿದರೆ ಹೀಟರ್ ಆಯಿತು. ಬಿಟ್ಟಿ ಬಿಸಿ. ಎಲೆಕ್ಟ್ರಿಕ್ ಮೋಟರ್ ಹಾಗೆ ಬಿಸಿ ಚೆಲ್ಲುವುದಿಲ್ಲ, ಹಾಗಾಗಿ ಬಿಸಿಯನ್ನು ಬ್ಯಾಟರಿಯ ಕರೆಂಟಿನಿಂದ ಹೊಸದಾಗಿ ಮಾಡಬೇಕು.

ಅದನ್ನು ಮಾಡುವ ದಾರಿ ಎರಡು. ಒಂದು, ಪಿಟಿಸಿ ಹೀಟರ್. ಇದರಲ್ಲಿ ಸೆರಾಮಿಕ್ ಬಿಲ್ಲೆಗಳಿರುತ್ತವೆ, ಕರೆಂಟ್ ಹರಿದಾಗ ಕಾಯುತ್ತವೆ. ನಿಮ್ಮ ಬಾತ್‌ರೂಮಿನ ಗೀಸರ್ ಇದ್ದ ಹಾಗೆ ಎಂದುಕೊಳ್ಳಿ: ಒಂದು ಯೂನಿಟ್ (ಒಂದು ಕಿಲೋವ್ಯಾಟ್-ಗಂಟೆ) ಕರೆಂಟ್ ಹಾಕಿದರೆ ಒಂದು ಯೂನಿಟ್ ಬಿಸಿ, ಅದಕ್ಕಿಂತ ಜಾಸ್ತಿ ಇಲ್ಲ. ಇನ್ನೊಂದು, ಹೀಟ್ ಪಂಪ್. ಇದು ಎಸಿಯನ್ನೇ ತಿರುಗಿಸಿ ನಡೆಸುವ ಉಪಾಯ. ಹೊರಗಿನ ತಣ್ಣನೆ ಗಾಳಿಯಲ್ಲೂ ಇರುವ ಬಿಸಿಯನ್ನು ಎಳೆದು ಒಳಗೆ ತಳ್ಳುತ್ತದೆ. ಒಂದು ಯೂನಿಟ್ ಕರೆಂಟಿಗೆ ಎರಡು, ಮೂರು ಯೂನಿಟ್ ಬಿಸಿ ಸಿಗುತ್ತದೆ. ನಿಸ್ಸಾನ್ ಲೀಫ್‌ನಲ್ಲಿ ಇದು 2013ರ ಮಾದರಿಗೆ ಬಂತು, ಟೆಸ್ಲಾ ಕಾರುಗಳಲ್ಲಿ 2020ರ ಮಾಡೆಲ್ ವೈಗೆ.

ನಮ್ಮಲ್ಲಿ ಹತ್ತು, ಹದಿನೈದು ಲಕ್ಷದ ಆಸುಪಾಸಿನ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಪಿಟಿಸಿ. ದುಬಾರಿ ಕಾರುಗಳಲ್ಲಿ ಕೆಲವಕ್ಕೆ ಹೀಟ್ ಪಂಪ್ ಇದೆ. ಕೈಪಿಡಿಯಲ್ಲಿ ನೋಡಿ, ಇಲ್ಲದಿದ್ದರೆ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಹೊಸದು ಕೊಳ್ಳುವವರಾದರೆ ನೀವು ಆರಿಸಿದ ಅದೇ ವೇರಿಯಂಟ್‌ನಲ್ಲಿ ಹೀಟರ್ ಇದೆಯೇ ಎಂದು ಬಾಯಿಬಿಟ್ಟು ಕೇಳಿಬಿಡಿ. "ಕ್ಲೈಮೇಟ್ ಕಂಟ್ರೋಲ್ ಇದೆ ಸಾರ್" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ.

ನನ್ನನ್ನು ಕೇಳಿದರೆ, ಕೊಡಗಿಗೆಂದು ಹೀಟ್ ಪಂಪ್‌ಗೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. 12 ಡಿಗ್ರಿ ಚಳಿಯಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ಉಳಿಸುವುದು ಗಂಟೆಗೆ ಅರ್ಧ ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ. ಅದೂ ವರ್ಷದ ಕೆಲವು ತಿಂಗಳ ಬೆಳಗ್ಗೆ, ರಾತ್ರಿ ಮಾತ್ರ. ಆ ದುಡ್ಡಿಗೆ ದೊಡ್ಡ ಬ್ಯಾಟರಿಯ ವೇರಿಯಂಟ್ ಸಿಗುವುದಾದರೆ ಅದು ಮೇಲು.

ಅಂದಾಜು ಎಷ್ಟು ಬೇಕು?

ಅಳೆಯುವ ಮೊದಲು ಒಂದು ಕಾಗದದ ಲೆಕ್ಕ. ಹೊರಗೆ 12 ಡಿಗ್ರಿ, ಒಳಗೆ ನಿಮಗೆ 22 ಬೇಕು. ವ್ಯತ್ಯಾಸ 10 ಡಿಗ್ರಿ.

ಕಾರಿನೊಳಗಿನ ಗಾಳಿಯನ್ನು ಮಾತ್ರ ಬಿಸಿ ಮಾಡುವುದು ಲೆಕ್ಕಕ್ಕೇ ಇಲ್ಲದಷ್ಟು ಸಣ್ಣ ಕೆಲಸ. ಮೂರು ಘನ ಮೀಟರ್ ಗಾಳಿ ತೂಗುವುದೇ ಮೂರು, ಮೂರೂವರೆ ಕಿಲೋ. ಅದನ್ನು 10 ಡಿಗ್ರಿ ಏರಿಸಲು ಒಂದು ಯೂನಿಟ್ಟಿನ ನೂರನೇ ಒಂದು ಪಾಲು ಸಾಕು. ಕರೆಂಟ್ ಹೋಗುವುದು ಬೇರೆ ಮೂರು ಕಡೆ. ರಾತ್ರಿಯಿಡೀ ತಣ್ಣಗಾದ ಸೀಟು, ಡ್ಯಾಶ್‌ಬೋರ್ಡು, ಪ್ಲಾಸ್ಟಿಕ್ಕನ್ನು ಬೆಚ್ಚಗೆ ಮಾಡಲು ಒಂದಷ್ಟು. ಗಾಜು, ತಗಡಿನ ಮೂಲಕ ಹೊರಗೆ ಸೋರುವ ಬಿಸಿ ಇನ್ನೊಂದಷ್ಟು. ಮೂರನೆಯದು ಬ್ಲೋವರ್ ಎಳೆದುಕೊಳ್ಳುವ ಹೊಸ ಗಾಳಿ. ಗಂಟೆಗೆ 150 ಘನ ಮೀಟರ್ ಹೊರಗಾಳಿ ಒಳಗೆ ಬಂದರೆ ಅದನ್ನು 10 ಡಿಗ್ರಿ ಕಾಯಿಸುವುದಕ್ಕೇ ಸುಮಾರು ಅರ್ಧ ಕಿಲೋವ್ಯಾಟ್ ಬೇಕು. ಸೋರಿಕೆಗೆ ಇನ್ನೊಂದು ಅರ್ಧ. ಒಟ್ಟು ಒಂದು ಕಿಲೋವ್ಯಾಟ್ ಆಸುಪಾಸು.

ಮೈನಸ್ 7ರಲ್ಲಿ ಇದೇ ವ್ಯತ್ಯಾಸ 29 ಡಿಗ್ರಿ. ಅಲ್ಲಿ ಇದರ ಮೂರು ಪಟ್ಟು ಬೇಕು.

ಇದರಲ್ಲಿ ಒಂದು ಕಳೆಯುವ ಲೆಕ್ಕವೂ ಇದೆ. ಸುಮ್ಮನೆ ಕೂತ ಮನುಷ್ಯ ಒಬ್ಬ ಸುಮಾರು 100 ವ್ಯಾಟ್ ಬಿಸಿ ಬಿಡುತ್ತಾನೆ. ಪುತ್ತರಿ ಹಬ್ಬಕ್ಕೆ ಐನ್‌ಮನೆಗೆ (ಕುಟುಂಬದ ಮೂಲಮನೆಗೆ) ಹೊರಟ ಕಾರಿನಲ್ಲಿ ಐದು ಜನ ಒತ್ತಿಕೊಂಡು ಕೂತಿದ್ದರೆ ಅರ್ಧ ಕಿಲೋವ್ಯಾಟ್ ಅವರದ್ದೇ. ಹೀಟರ್‌ಗೆ ಅಷ್ಟು ಕೆಲಸ ಕಡಿಮೆ. ಆದರೆ ಐದು ಜನರ ಉಸಿರು ಗಾಜಿಗೆ ಕೂರುತ್ತದೆ, ಅದು ಬೇರೆ ತಲೆನೋವು.

ಈಗ ನಿಜವಾಗಿ ಅಳೆಯಿರಿ

ಚಳಿ ಇರುವ ದಿನ ಬೆಳಗ್ಗೆ ಆರು, ಆರೂವರೆಗೆ ಇದನ್ನು ಮಾಡಿ. ಕಾರು ರಾತ್ರಿಯಿಡೀ ನಿಂತಿರಬೇಕು. ಚಾರ್ಜಿಂಗ್ ಗನ್ ತೆಗೆದಿರಬೇಕು. ಕಾರನ್ನು ರೆಡಿ ಸ್ಥಿತಿಗೆ (ಓಡಲು ಸಿದ್ಧವಾಗಿರುವಂತೆ) ತನ್ನಿ, ಪಾರ್ಕಿಂಗ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಹಾಕಿ. ಎಲೆಕ್ಟ್ರಿಕ್ ಕಾರಾದ್ದರಿಂದ ಮುಚ್ಚಿದ ಶೆಡ್ಡಿನೊಳಗೇ ಮಾಡಬಹುದು, ಹೊಗೆ ಇಲ್ಲ. ಪೆಟ್ರೋಲ್, ಡೀಸೆಲ್ ಗಾಡಿಯಲ್ಲಿ ಮಾತ್ರ ಇದನ್ನು ಯಾವತ್ತೂ ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಅದರ ಹೊಗೆ ಜೀವ ತೆಗೆಯುತ್ತದೆ.

ನಿಮ್ಮ ಪರದೆಯಲ್ಲಿ ಕಿಲೋವ್ಯಾಟ್ ತೋರಿಸುವ ಮೀಟರ್ ಇದ್ದರೆ ಕೆಲಸ ಸುಲಭ. ಮೊದಲು ಎಲ್ಲವನ್ನೂ ಆಫ್ ಮಾಡಿ ನೋಡಿ. ಆಗಲೂ 0.2ರಿಂದ 0.4 ಕಿಲೋವ್ಯಾಟ್ ತೋರಿಸಬಹುದು. ಅದು ಕಾರಿನ ಸ್ವಂತ ಖರ್ಚು: ಪರದೆ, ಕಂಪ್ಯೂಟರು, ದೀಪ. ಅದನ್ನು ಬರೆದುಕೊಳ್ಳಿ. ಈಗ ಎಸಿ ಬಟನ್ ಆಫ್ ಇಟ್ಟು, ಉಷ್ಣಾಂಶ 22ಕ್ಕೆ, ಬ್ಲೋವರ್ ಎರಡಕ್ಕೆ ಇಟ್ಟು ಹೀಟರ್ ಹಾಕಿ. ಅಂಕಿ ಒಮ್ಮೆಲೇ 3, 4, ಕೆಲವು ಕಾರಿನಲ್ಲಿ 5 ಕಿಲೋವ್ಯಾಟ್‌ಗೆ ಹಾರುತ್ತದೆ. ಇದನ್ನು ನೋಡಿಯೇ ಜನ ಹೆದರುವುದು. ಆದರೆ ಅಲ್ಲಿಗೇ ಕಣ್ಣು ತೆಗೆಯಬೇಡಿ. ಒಳಗೆ ಬೆಚ್ಚಗಾಗುತ್ತಾ ಬಂದಂತೆ ಅದು ಇಳಿಯುತ್ತದೆ. ಇಪ್ಪತ್ತು ನಿಮಿಷದ ನಂತರ ಎಲ್ಲಿ ನಿಂತಿದೆ ನೋಡಿ. ಅದರಿಂದ ಕಾರಿನ ಸ್ವಂತ ಖರ್ಚು ಕಳೆಯಿರಿ. ಉಳಿದದ್ದು ನಿಮ್ಮ ಹೀಟರಿನ ನಿಜವಾದ ಹಸಿವು. ಕೊಡಗಿನ ಬೆಳಗಿಗೆ ಅದು ಮುಕ್ಕಾಲರಿಂದ ಒಂದೂವರೆ ಕಿಲೋವ್ಯಾಟ್ ಒಳಗೆ ಇದ್ದರೆ ಸರಿಯಾಗಿದೆ.

ಬರೀ ಶೇಕಡಾ ತೋರಿಸುವ ಕಾರುಗಳೂ ಇವೆ. ಅವುಗಳಲ್ಲಿ ಒಂದು ಉಪಾಯ ಮಾಡಿ. ಕಾರು ಬೆಚ್ಚಗಾದ ಮೇಲೆ ಅಂಕಿ ಬದಲಾಗುವ ಕ್ಷಣ ಕಾಯಿರಿ, ಉದಾಹರಣೆಗೆ 80 ಹೋಗಿ 79 ಆಗುವ ಹೊತ್ತು. ಅಲ್ಲಿಂದ ಗಡಿಯಾರ ಶುರು. 76 ಆಗುವವರೆಗೆ ಎಷ್ಟು ಹೊತ್ತಾಯಿತು ನೋಡಿ. ಅಂಕಿಯ ನಡುವೆ ಎಲ್ಲೋ ಶುರು ಮಾಡಿದರೆ ಒಂದು ಶೇಕಡಾ ಆಚೀಚೆ ಆಗಿ ಲೆಕ್ಕವೇ ಕೆಡುತ್ತದೆ. 40 ಕಿಲೋವ್ಯಾಟ್-ಗಂಟೆಯ ಬ್ಯಾಟರಿಯಾದರೆ ಒಂದು ಶೇಕಡಾ ಅಂದರೆ 0.4 ಯೂನಿಟ್. ಒಂದು ಗಂಟೆಯಲ್ಲಿ ಮೂರು ಶೇಕಡಾ ಇಳಿದರೆ 1.2 ಯೂನಿಟ್ ಹೋಯಿತು. ಕಾರಿನ ಸ್ವಂತ ಖರ್ಚು 0.3 ಕಳೆದರೆ ಹೀಟರಿನ ಪಾಲು 0.9. ಕರೆಂಟ್ ಬಿಲ್ಲಿನ ಯೂನಿಟ್ಟೂ ಇದೇ, ಬೇರೆ ಅಲ್ಲ.

ಇದೇ 1.2 ಯೂನಿಟ್ 24 ಕಿಲೋವ್ಯಾಟ್-ಗಂಟೆಯ ಟಿಯಾಗೋ ಇವಿಯಲ್ಲಿ ಐದು ಶೇಕಡಾ. ಎಂಜಿ ಕಾಮೆಟ್‌ನ 17.3ರ ಬ್ಯಾಟರಿಯಲ್ಲಿ ಏಳು ಶೇಕಡಾ. ಹಾಗಾಗಿ "ನನ್ನ ಕಾರಿನಲ್ಲಿ ಇಷ್ಟು ಪರ್ಸೆಂಟ್ ಹೋಯಿತು" ಎಂದು ಇಬ್ಬರು ಜಗಳ ಆಡಿ ಪ್ರಯೋಜನವಿಲ್ಲ. ಯೂನಿಟ್‌ನಲ್ಲಿ ಮಾತಾಡಿದರೆ ಇಬ್ಬರೂ ಸರಿ ಇರುತ್ತೀರಿ.

ಹೀಟರ್ ಕಿಲೋಮೀಟರ್ ನೋಡುವುದಿಲ್ಲ, ಗಡಿಯಾರ ನೋಡುತ್ತದೆ

ಇದು ತಲೆಗೆ ಹೋದರೆ ಅರ್ಧ ಗೊಂದಲ ಮುಗಿಯಿತು. ಮೋಟರ್ ತಿನ್ನುವುದು ದೂರಕ್ಕೆ ತಕ್ಕಂತೆ. ಹೀಟರ್ ತಿನ್ನುವುದು ಹೊತ್ತಿಗೆ ತಕ್ಕಂತೆ. ಕಾರು ಓಡಲಿ, ನಿಲ್ಲಲಿ, ಅದಕ್ಕೆ ಗಂಟೆಗೆ ಒಂದು ಯೂನಿಟ್.

ನಮ್ಮ ರಸ್ತೆಗಳಲ್ಲಿ ಹೊತ್ತು ಜಾಸ್ತಿ, ದೂರ ಕಡಿಮೆ ಅಲ್ವಾ? ಮೈಸೂರು ಕಡೆಯ ನೇರ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ಸರಾಸರಿ ಬಂದರೆ, ಒಂದು ಕಿಲೋವ್ಯಾಟ್ ಹೀಟರ್ ಪ್ರತಿ ಕಿಲೋಮೀಟರಿಗೆ 17 ವ್ಯಾಟ್-ಗಂಟೆ ಸೇರಿಸುತ್ತದೆ. ನಾಪೋಕ್ಲು, ಭಾಗಮಂಡಲ ಕಡೆ ತಿರುವು, ಗುಂಡಿ, ದನ, ತೋಟದ ಜೀಪುಗಳ ನಡುವೆ 30ರ ಸರಾಸರಿಯಲ್ಲಿ ಹೋದರೆ ಅದೇ ಹೀಟರ್ ಕಿಲೋಮೀಟರಿಗೆ 33 ಸೇರಿಸುತ್ತದೆ. ಕಾರು ಓಡಲು ಬೇಕಾದದ್ದು ಕಿಲೋಮೀಟರಿಗೆ 140 ಎಂದಿಟ್ಟುಕೊಂಡರೆ, ಮೊದಲನೆಯದರಲ್ಲಿ ಶೇ. 12 ಜಾಸ್ತಿ, ಎರಡನೆಯದರಲ್ಲಿ ಶೇ. 24. ಹೀಟರ್ ಅದೇ, ಚಳಿಯೂ ಅದೇ.

ಇನ್ನು ಸಣ್ಣ ಓಡಾಟ. ಮಕ್ಕಳನ್ನು ಶಾಲೆಗೆ ಬಿಡಲು ನಾಲ್ಕು ಕಿಲೋಮೀಟರ್. ಓಡಲು ಬೇಕಾದದ್ದು 0.6 ಯೂನಿಟ್ ಇರಬಹುದು. ತಣ್ಣಗಿದ್ದ ಕಾರಿನಲ್ಲಿ ಹೀಟರ್ ಮೊದಲ ಎಂಟು ನಿಮಿಷ 4 ಕಿಲೋವ್ಯಾಟ್ ಎಳೆದರೆ 0.5 ಯೂನಿಟ್. ಅಂದರೆ ಓಡಲು ಎಷ್ಟೋ, ಕಾಯಿಸಲು ಹೆಚ್ಚು ಕಡಿಮೆ ಅಷ್ಟೇ. ಪರದೆಯಲ್ಲಿ ಪ್ರತಿ ಕಿಲೋಮೀಟರಿನ ಖರ್ಚು ದುಪ್ಪಟ್ಟು ತೋರಿಸುತ್ತದೆ. ಉಳಿದ ರೇಂಜ್ 250 ಇದ್ದದ್ದು 190 ಎಂದು ಕುಸಿಯಲೂಬಹುದು.

ಆ 190 ನಿಜವಲ್ಲ. ಆ ಅಂಕಿಯನ್ನು ಕಾರು ಇತ್ತೀಚೆಗೆ ಓಡಿದ ಕೆಲವು ಕಿಲೋಮೀಟರಿನ ಖರ್ಚು ನೋಡಿ ಊಹಿಸುತ್ತದೆ. ಬ್ಯಾಟರಿಯಿಂದ ಹೋದದ್ದು ಒಂದು ಯೂನಿಟ್ ಚಿಲ್ಲರೆ ಅಷ್ಟೇ. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡುವವರಿಗೆ ಇಂಥ ಸಣ್ಣ ಓಡಾಟದಲ್ಲಿ ಹೀಟರ್ ರೇಂಜಿನ ಪ್ರಶ್ನೆಯೇ ಅಲ್ಲ. ಬೆಚ್ಚಗೆ ಹೋಗಿ ಬನ್ನಿ.

ಗಾಜಿನ ಹಬೆ: ಕೊಡಗಿನ ನಿಜವಾದ ಖರ್ಚು ಇಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ, ಹೊರಗೆ 18 ಡಿಗ್ರಿ ಇದ್ದರೂ ಹೀಟರ್ ಬೇಕಾಗುತ್ತದೆ. ಮೈಗೆ ಅಲ್ಲ, ಗಾಜಿಗೆ. ಹೊರಗಿನ ಗಾಳಿಯೇ ನೀರು ಕುಡಿದಂತಿರುತ್ತದೆ. ಒಳಗೆ ಒದ್ದೆ ಕೊಡೆ, ಒದ್ದೆ ಜರ್ಕಿನ್, ಗಂಬೂಟು, ಹಿಂದಿನ ಸೀಟಿನಲ್ಲಿ ನಾಯಿ. ಮೇಲೆ ಎಲ್ಲರ ಉಸಿರು. ಈ ತೇವವೆಲ್ಲ ತಣ್ಣನೆ ಗಾಜಿಗೆ ಹೋಗಿ ಕೂರುತ್ತದೆ.

ಇಲ್ಲಿ ಅನೇಕರು ಎಸಿ ಆಫ್ ಮಾಡಿ ಬರೀ ಬಿಸಿಗಾಳಿ ಬಿಡುತ್ತಾರೆ. "ಚಳಿಯಲ್ಲಿ ಎಸಿ ಯಾಕೆ?" ಎಂಬ ಲೆಕ್ಕ. ಎಸಿಯ ಕೆಲಸ ತಂಪು ಮಾಡುವುದು ಮಾತ್ರ ಅಲ್ಲ, ಗಾಳಿಯಿಂದ ನೀರು ಹಿಂಡುವುದು ಕೂಡ. ಗಾಳಿ ಮೊದಲು ಎಸಿಯ ತಣ್ಣನೆ ಕಾಯಿಲ್ ದಾಟುತ್ತದೆ, ನೀರು ಅಲ್ಲೇ ಇಳಿದು ಕಾರಿನಡಿ ತೊಟ್ಟಿಕ್ಕುತ್ತದೆ. ಒಣಗಿದ ಗಾಳಿಯನ್ನು ಹೀಟರ್ ಬೆಚ್ಚಗೆ ಮಾಡಿ ಗಾಜಿಗೆ ಊದುತ್ತದೆ. ಎರಡೂ ಸೇರಿದರೆ ಗಾಜು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿ ಹೊರಗೆ ಸೊನ್ನೆಯ ಹತ್ತಿರ ಬಂದರೆ ಎಸಿ ಕಂಪ್ರೆಸರ್ ಸಾಮಾನ್ಯವಾಗಿ ಓಡುವುದಿಲ್ಲ. ನಮ್ಮಲ್ಲಿ ಆ ತೊಂದರೆ ಇಲ್ಲ, ವರ್ಷವಿಡೀ ಓಡುತ್ತದೆ.

ಖರ್ಚು? ಮುಂಗಾಜಿನ ಡಿಫಾಗ್ ಬಟನ್ ಒತ್ತಿದರೆ ಕಾರು ಬ್ಲೋವರ್, ಎಸಿ, ಹೀಟರ್ ಎಲ್ಲವನ್ನೂ ಜೋರಾಗಿ ಓಡಿಸುತ್ತದೆ. 3ರಿಂದ 5 ಕಿಲೋವ್ಯಾಟ್ ಆರಾಮಾಗಿ ಹೋಗುತ್ತದೆ. ಎರಡು ನಿಮಿಷಕ್ಕೆ ಅದು ದೊಡ್ಡದಲ್ಲ. ಆದರೆ ಮರೆತು ವಿರಾಜಪೇಟೆಯಿಂದ ಮಡಿಕೇರಿವರೆಗೆ ಹಾಗೇ ಬಿಟ್ಟರೆ ಮೂರು, ನಾಲ್ಕು ಯೂನಿಟ್ ಮಾಯ. ಹಾಗಾಗಿ ಈ ಕ್ರಮದಲ್ಲಿ ಮಾಡಿ. ಡಿಫಾಗ್ ಒತ್ತಿ, ಗಾಜು ತಿಳಿಯಾದ ಕೂಡಲೇ ಅದನ್ನು ತೆಗೆಯಿರಿ. ಎಸಿ ಆನ್ ಇರಲಿ. ಉಷ್ಣಾಂಶ 22ರ ಹತ್ತಿರ, ಬ್ಲೋವರ್ ಎರಡು. ಗಾಳಿಯ ದಿಕ್ಕು ಗಾಜು ಮತ್ತು ಕಾಲು. ಹೊರಗಾಳಿ ಒಳಗೆ ಬರುವಂತೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದರೆ ಹೀಟರಿನ ಖರ್ಚು ಇಳಿಯುತ್ತದೆ, ನಿಜ, ಹೊಸ ಗಾಳಿಯನ್ನು ಕಾಯಿಸಬೇಕಾಗಿಲ್ಲವಲ್ಲ. ಆದರೆ ಹತ್ತು ನಿಮಿಷದಲ್ಲಿ ಮತ್ತೆ ಹಬೆ. ಒಬ್ಬರೇ ಹೋಗುವಾಗ, ಒಣ ಚಳಿಯ ಜನವರಿಯಲ್ಲಿ, ಆಗಾಗ ಅದನ್ನು ಬಳಸಿ. ಮಳೆಗಾಲದಲ್ಲಿ ಬೇಡವೇ ಬೇಡ.

ಹಿಂದಿನ ಗಾಜಿನಲ್ಲಿ ಸಣ್ಣ ತಂತಿಗಳ ಡಿಫಾಗರ್ ಇದ್ದರೆ ಧಾರಾಳವಾಗಿ ಹಾಕಿ. ಅದು ತಿನ್ನುವುದು 100ರಿಂದ 200 ವ್ಯಾಟ್. ಬಹಳಷ್ಟು ಕಾರಿನಲ್ಲಿ ಸ್ವಲ್ಪ ಹೊತ್ತಿನ ನಂತರ ತಾನೇ ಆಫ್ ಆಗುತ್ತದೆ.

ಇನ್ನೊಂದು. ಸಂಪಾಜೆ ಘಟ್ಟ ಇಳಿದು ಸುಳ್ಯದ ಸೆಕೆಗೆ ಹೋದಾಗ ಕೆಲವೊಮ್ಮೆ ಗಾಜು ಹೊರಗಿನಿಂದ ಮಂಜಾಗುತ್ತದೆ. ಒಳಗೆ ಬೆರಳಿನಿಂದ ಗೀರಿ ನೋಡಿ. ಗೆರೆ ಬೀಳದಿದ್ದರೆ ಹಬೆ ಹೊರಗಿದೆ. ಆಗ ಹೀಟರ್‌ಗೆ ಕರೆಂಟ್ ಸುರಿಯಬೇಕಿಲ್ಲ. ವೈಪರ್ ಒಂದು ಸಲ ಆಡಿಸಿ, ಗಾಜಿಗೆ ಊದುವ ತಂಪು ಗಾಳಿಯನ್ನು ಬೇರೆ ಕಡೆ ತಿರುಗಿಸಿ. ಸಾಕು.

ಕರೆಂಟೇ ಬೇಡದ ಕೆಲಸವೂ ಇದೆ. ಗಾಜಿನ ಒಳಮೈ ಮೇಲೆ ಕಾಣದ ಜಿಡ್ಡು ಇರುತ್ತದೆ, ಹಬೆ ಅದನ್ನೇ ಹಿಡಿದು ಕೂರುತ್ತದೆ. ಮಳೆಗಾಲಕ್ಕೆ ಮೊದಲು ಚೆನ್ನಾಗಿ ಒರೆಸಿಬಿಡಿ. ಒದ್ದೆ ಕೊಡೆ, ಜರ್ಕಿನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿ. ಕಾಲಡಿಯ ಮ್ಯಾಟು ಒದ್ದೆ ಇದ್ದರೆ ಬಿಸಿಲು ಕಂಡ ದಿನ ಒಣಹಾಕಿ. ಕ್ಯಾಬಿನ್ ಫಿಲ್ಟರ್ ಕಟ್ಟಿದ್ದರೆ ಬ್ಲೋವರ್ ಎಷ್ಟು ಓಡಿದರೂ ಗಾಳಿ ಬರುವುದಿಲ್ಲ, ಅದನ್ನೂ ನೋಡಿ.

ಗನ್ ಚುಚ್ಚಿರುವಾಗಲೇ ಬೆಚ್ಚಗೆ ಮಾಡುವುದು

ಮೊದಲ ಹತ್ತು ನಿಮಿಷದ ದೊಡ್ಡ ಖರ್ಚನ್ನು ಬ್ಯಾಟರಿಯಿಂದ ತೆಗೆಯದೆ ಗೋಡೆಯ ಪಾಯಿಂಟ್‌ನಿಂದ ತೆಗೆಯಬಹುದು. ಹೊರಡುವ ಹದಿನೈದು ನಿಮಿಷ ಮೊದಲು, ಚಾರ್ಜರ್ ಚುಚ್ಚಿರುವಾಗಲೇ, ಆ್ಯಪ್‌ನಿಂದ ಹೀಟರ್ ಹಾಕಿ. ನಿಮ್ಮ ಕಾರಿನ ಆ್ಯಪ್ ಎಸಿಯನ್ನು ಮಾತ್ರ ಹಾಕುತ್ತದೋ ಹೀಟರನ್ನೂ ಹಾಕುತ್ತದೋ ಒಮ್ಮೆ ಪರೀಕ್ಷಿಸಿ. ಆ್ಯಪ್‌ನಲ್ಲಿ ಬಟನ್ ಒತ್ತಿದರೆ ಸಾಲದು, ತೋಟದ ಶೆಡ್ಡಿನಲ್ಲಿರುವ ಕಾರಿಗೂ ಸಿಗ್ನಲ್ ಸಿಗಬೇಕಲ್ಲ! ಸಿಗದಿದ್ದರೆ ಕಾಫಿ ಕುಡಿಯುವ ಮೊದಲು ಹೋಗಿ ಕೈಯಾರೆ ಹಾಕಿ ಬನ್ನಿ.

15 ಆಂಪ್ ಪಾಯಿಂಟಿನ ಚಾರ್ಜರ್ ಕೊಡುವುದು ಸುಮಾರು 3 ಕಿಲೋವ್ಯಾಟ್. ಹೀಟರ್ ಶುರುವಿನಲ್ಲಿ 4, 5 ಕೇಳಿದರೆ ಉಳಿದದ್ದನ್ನು ಬ್ಯಾಟರಿಯೇ ಕೊಡುತ್ತದೆ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ ಡ್ರಾಪ್ ಆಗಿ ಇನ್ನೂ ಕಡಿಮೆ ಸಿಗಬಹುದು. ಎಕ್ಸ್‌ಟೆನ್ಷನ್ ಬಾಕ್ಸ್ ಹಾಕಿ ಎಳೆಯಬೇಡಿ, ವೈರ್ ಕಾಯುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಮೊದಲೇ ಮುನಿಸಿಕೊಳ್ಳುತ್ತದೆ.

ಇದು ಬಿಟ್ಟಿ ಅಲ್ಲ, ಬಿಲ್ಲಿಗೆ ಅದೇ ಯೂನಿಟ್ ಬರುತ್ತದೆ. ಲಾಭ ಇರುವುದು ರೇಂಜಿಗೆ. ಬೆಂಗಳೂರಿಗೆ ಹೊರಟ ದಿನ ಮಾಡಿ. ಸಂತೆಗೆ ಹೋಗಿ ಬರಲು ಇಷ್ಟೆಲ್ಲ ಬೇಡ.

ಮೈ ಬೆಚ್ಚಗಿಡಿ, ಗಾಳಿ ಅಷ್ಟು ಬೇಡ

ಬಿಸಿಯಾಗುವ ಸೀಟು ಒಂದಕ್ಕೆ 50ರಿಂದ 100 ವ್ಯಾಟ್ ಸಾಕು. ಬೆನ್ನಿಗೆ ನೇರ ಬಿಸಿ ತಾಗುವುದರಿಂದ ಗಾಳಿಯ ಉಷ್ಣಾಂಶವನ್ನು 19ಕ್ಕೆ ಇಳಿಸಿದರೂ ಚಳಿ ಅನ್ನಿಸುವುದಿಲ್ಲ. ಆದರೆ ನಮ್ಮ ದೇಶದ ಕಾರುಗಳಲ್ಲಿ ಜಾಸ್ತಿ ಕಾಣುವುದು ವೆಂಟಿಲೇಟೆಡ್ ಸೀಟು. ಅದು ಗಾಳಿ ಆಡಿಸಿ ತಂಪು ಮಾಡುವಂಥದ್ದು. ಮಡಿಕೇರಿಯ ಜನವರಿಯಲ್ಲಿ ಅದರಿಂದ ಏನೂ ಉಪಕಾರವಿಲ್ಲ. 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಬಿಸಿ ಸೀಟ್ ಕವರ್ ಸಿಗುತ್ತದೆ. ಸಾಕೆಟ್ ತಾಳುವುದು ಸಾಮಾನ್ಯವಾಗಿ 120 ವ್ಯಾಟ್, ಅದರೊಳಗಿನದ್ದನ್ನೇ ನೋಡಿ ತನ್ನಿ. ಮಕ್ಕಳ ಸೀಟಿಗೆ ಹಾಕಬೇಡಿ.

ಹಿಂದೆ ಕೂತ ಅಜ್ಜಿಗೆ ಒಂದು ಕಂಬಳಿ ಕೊಡಿ. 26ಕ್ಕೆ ಏರಿಸುವ ಬದಲು 21ಕ್ಕೆ ಇಡಿ, ಗಾಳಿಯನ್ನು ಕಾಲಿಗೆ ಬಿಡಿ. 26 ಇಟ್ಟರೆ ಬೇಗ ಬೆಚ್ಚಗಾಗುತ್ತದೆ ಎಂಬುದು ತಪ್ಪು ನಂಬಿಕೆ. ತಣ್ಣನೆ ಕಾರಿನಲ್ಲಿ ಹೀಟರ್ ಹೇಗೂ ಪೂರ್ತಿ ಓಡುತ್ತಿರುತ್ತದೆ, 26 ಇಟ್ಟರೆ ನಿಲ್ಲಬೇಕಾದಲ್ಲಿ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ. ತಲುಪುವ ಐದಾರು ನಿಮಿಷ ಮೊದಲೇ ಹೀಟರ್ ತೆಗೆದರೂ ಒಳಗಿನ ಬಿಸಿ ಮನೆವರೆಗೆ ಬರುತ್ತದೆ.

ಏರಿನ ಖರ್ಚನ್ನು ಹೀಟರ್ ತಲೆಗೆ ಕಟ್ಟಬೇಡಿ

"ಸುಳ್ಯದಿಂದ ಮಡಿಕೇರಿಗೆ ಬರುವಾಗ ಹೀಟರ್ ಹಾಕಿದ್ದೆ, ಇಪ್ಪತ್ತು ಪರ್ಸೆಂಟ್ ಹೋಯಿತು" ಎನ್ನುವವರಿದ್ದಾರೆ. ಹೋದದ್ದು ನಿಜ, ಕಳ್ಳ ಬೇರೆ. ಸುಳ್ಯದಿಂದ ಮಡಿಕೇರಿಗೆ ಸುಮಾರು 1000 ಮೀಟರ್ ಏರಬೇಕು. 1600 ಕಿಲೋ ತೂಕದ ಕಾರನ್ನು ಅಷ್ಟು ಎತ್ತಲು ಭೌತಶಾಸ್ತ್ರದ ಪ್ರಕಾರವೇ 4.4 ಯೂನಿಟ್ ಬೇಕು. ಮೋಟರಿನ ನಷ್ಟ ಸೇರಿದರೆ ಐದರ ಹತ್ತಿರ. ಅದೇ ದಾರಿಯಲ್ಲಿ ಹೀಟರ್ ಒಂದೂವರೆ ಗಂಟೆ ಓಡಿದರೂ ಒಂದೂವರೆ ಯೂನಿಟ್. ಇಳಿಯುವಾಗ ಏರಿನ ಪಾಲಿನಲ್ಲಿ ಒಳ್ಳೆಯ ಭಾಗ ಬ್ಯಾಟರಿಗೆ ವಾಪಸ್ ಬರುತ್ತದೆ. ಹೀಟರಿನದ್ದು ಬರುವುದಿಲ್ಲ. ಆದ್ದರಿಂದ ಹೋಗಿ ಬಂದ ಎರಡೂ ದಾರಿ ಸೇರಿಸಿ ಲೆಕ್ಕ ಹಾಕಿ.

ಇಳಿಯುವವರಿಗೊಂದು ಮಾತು. ಮಡಿಕೇರಿಯಲ್ಲಿ ಶೇ. 100 ಚಾರ್ಜ್ ಮಾಡಿ ನೇರ ಸಂಪಾಜೆ ಕಡೆ ಇಳಿದರೆ ವಾಪಸ್ ಬರುವ ಕರೆಂಟಿಗೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ, ಬ್ರೇಕ್ ಮೇಲೆ ಭಾರ ಬೀಳುತ್ತದೆ. 85ಕ್ಕೆ ನಿಲ್ಲಿಸಿ. ತುಂಬಿಸಿಯೇ ಹೊರಟಿರಾದರೆ ಆ ಇಳಿಜಾರಿನಲ್ಲಿ ಹೀಟರ್ ಹಾಕಲು ಹಿಂದೆಮುಂದೆ ನೋಡಬೇಡಿ, ಆ ಕರೆಂಟ್ ಹೇಗೂ ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕಾದದ್ದೇ.

ಒಂದು ಪೂರ್ತಿ ಲೆಕ್ಕ: ಮಡಿಕೇರಿ–ಮೈಸೂರು–ಮಡಿಕೇರಿ

ಬೆಳಗ್ಗೆ ಐದೂವರೆಗೆ ಹೊರಟಿರಿ, ಆಸ್ಪತ್ರೆ ಕೆಲಸ ಎಂದುಕೊಳ್ಳಿ. ಒಂದು ದಾರಿ ಸುಮಾರು 120 ಕಿ.ಮೀ. ಓಡಲು ಕಿಲೋಮೀಟರಿಗೆ 140 ವ್ಯಾಟ್-ಗಂಟೆಯಂತೆ 16.8 ಯೂನಿಟ್. ಮೈಸೂರು 400 ಮೀಟರ್ ಕೆಳಗಿದೆ, ಇಳಿಜಾರಿನ ಲಾಭ ಕಳೆದರೆ 15.5. ಹೀಟರ್ ಮೊದಲ ಹತ್ತು ನಿಮಿಷಕ್ಕೆ 0.6, ಮುಂದಿನ ಐವತ್ತು ನಿಮಿಷಕ್ಕೆ 0.9. ಕುಶಾಲನಗರ ದಾಟಿದ ಮೇಲೆ ಆಫ್. ಒಟ್ಟು 17.

ಸಂಜೆ ವಾಪಸ್. ಏರಿಗೆ ಎರಡು ಯೂನಿಟ್ ಸೇರಿಸಿ 18.8. ಕೊನೆಯ ಒಂದು ಗಂಟೆ ಹೀಟರ್, 0.8. ಒಟ್ಟು 19.6. ಹೋಗಿ ಬಂದು 36.6 ಯೂನಿಟ್. ಅದರಲ್ಲಿ ಹೀಟರಿನದ್ದು 2.3, ಶೇ. 6ರಷ್ಟು.

40 ಕಿಲೋವ್ಯಾಟ್-ಗಂಟೆಯ ಕಾರಿನಲ್ಲಿ 36.6 ಅಂದರೆ ತೀರಾ ಅಂಚು. ಮೈಸೂರಿನಲ್ಲಿ ಚಾರ್ಜ್ ಮಾಡಲೇಬೇಕು. ಹೀಟರ್ ಮುಟ್ಟದೆ ನಡುಗಿಕೊಂಡು ಹೋಗಿದ್ದರೂ 34 ಆಗುತ್ತಿತ್ತು, ಆಗಲೂ ಚಾರ್ಜ್ ಮಾಡಲೇಬೇಕಿತ್ತು. ಹಾಗಿದ್ದ ಮೇಲೆ ನಡುಗುವುದು ಯಾಕೆ? ನಿಮ್ಮ ಕಾರಿನ ಅಂಕಿಗಳನ್ನು ಇದರಲ್ಲಿ ಹಾಕಿ ನೋಡಿ. ನೇರ ರಸ್ತೆಯಲ್ಲಿ 90ರ ಬದಲು 70ರಲ್ಲಿ ಹೋದರೆ ಉಳಿಯುವುದು ಹೀಟರಿನ ಖರ್ಚಿಗಿಂತ ಜಾಸ್ತಿ ಎಂದು ನಿಮಗೇ ಗೊತ್ತಾಗುತ್ತದೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಅಷ್ಟು ದೊಡ್ಡದಲ್ಲದಿದ್ದರೂ ಮರ ಬಿದ್ದು ಮೂರು, ನಾಲ್ಕು ಗಂಟೆ ನಿಲ್ಲುವುದು ಮಳೆಗಾಲದಲ್ಲಿ ಹೊಸದೇನಲ್ಲ. ಆಗ ಹೀಟರ್ ಎಷ್ಟು ಹೊತ್ತು ಬರುತ್ತದೆ? 40ರ ಬ್ಯಾಟರಿಯಲ್ಲಿ ಶೇ. 40 ಉಳಿದಿದ್ದರೆ 16 ಯೂನಿಟ್. ಕಾರಿನ ಸ್ವಂತ ಖರ್ಚು ಸೇರಿ ಗಂಟೆಗೆ 1.3 ಎಂದರೆ ಹನ್ನೆರಡು ಗಂಟೆ. ಇಡೀ ರಾತ್ರಿ ಕಳೆಯಬಹುದು, ಆದರೆ ಆಮೇಲೆ ಓಡಲು ಏನೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಘಟ್ಟಕ್ಕೆ ಇಳಿಯುವಾಗ, ತಲುಪುವ ಲೆಕ್ಕದ ಮೇಲೆ ಶೇ. 25 ಇಟ್ಟುಕೊಂಡೇ ಹೊರಡಿ.

ನಿಂತಾಗ ಹೆಡ್‌ಲೈಟ್ ಆರಿಸಿ, ಉಷ್ಣಾಂಶ 18ಕ್ಕೆ ಇಳಿಸಿ, ಹೀಟರ್ ಹದಿನೈದು ನಿಮಿಷ ಹಾಕಿ ಅರ್ಧ ಗಂಟೆ ಆಫ್ ಇಡಿ. ಕಾರನ್ನು ರೆಡಿ ಸ್ಥಿತಿಯಲ್ಲೇ ಇಡಿ. ಬರೀ ಆಕ್ಸೆಸರಿಯಲ್ಲಿಟ್ಟರೆ ಕೆಲವು ಕಾರುಗಳಲ್ಲಿ ಸಣ್ಣ 12 ವೋಲ್ಟ್ ಬ್ಯಾಟರಿ ಮಾತ್ರ ಖರ್ಚಾಗುತ್ತಾ ಹೋಗುತ್ತದೆ, ಅದು ಖಾಲಿಯಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಶುರುವಾಗುವುದಿಲ್ಲ. ರೆಡಿಯಲ್ಲಿ ತುಂಬಾ ಹೊತ್ತು ನಿಂತರೆ ತಾನೇ ಆಫ್ ಆಗುವ ಕಾರುಗಳೂ ಇವೆ. ನಿಮ್ಮದು ಹಾಗೆ ಮಾಡುತ್ತದೆಯೇ ಎಂಬುದನ್ನು ಮನೆಯಂಗಳದಲ್ಲೇ ಒಂದು ಸಂಜೆ ನೋಡಿಟ್ಟುಕೊಳ್ಳಿ.